ಬ್ರಿಟನ್ನಿನಲ್ಲಿ ಹೋಟೆಲ್ ನಡೆಸುವವರಿಗೆ: ಫಸ್ಟ್ ಏಡ್ ಮತ್ತು ಕೆಲಸಗಾರರ ಆರೋಗ್ಯದ ಏರ್ಪಾಟು

ನಮ್ಮ 1948ರ ಕಾರ್ಖಾನೆ ಕಾಯ್ದೆ 150 ಕಾರ್ಮಿಕರಿಗೊಂದು ಫಸ್ಟ್ ಏಡ್ ಪೆಟ್ಟಿಗೆ, 500 ದಾಟಿದರೆ ಆಂಬುಲೆನ್ಸ್ ಕೋಣೆ ಎಂದು ಲೆಕ್ಕ ಹಾಕಿ ಕೊಟ್ಟಿತ್ತು. ಬ್ರಿಟನ್ನಿನ 1981ರ ಪ್ರಥಮ ಚಿಕಿತ್ಸೆ ನಿಯಮಗಳಲ್ಲಿ ಅಂಥ ಲೆಕ್ಕ ಹುಡುಕಿದರೂ ಸಿಗದು. ಜಾಗಕ್ಕೆ ತಕ್ಕಂತೆ, ಸಾಕಾಗುವಷ್ಟು ಏರ್ಪಾಟು ಮಾಡಿ ಅನ್ನುತ್ತವೆ, ಅಷ್ಟೆ. ಎಷ್ಟಿದ್ದರೆ ಸಾಕು ಎಂದು ತೀರ್ಮಾನಿಸುವವರು ನೀವೇ, ಕೇಳಿದಾಗ ಕಾರಣ ಹೇಳಬೇಕಾದವರೂ ನೀವೇ. ಕೆಲಸಕ್ಕೆ ಒಬ್ಬರೇ ಇದ್ದರೂ ಈ ನಿಯಮ ಅನ್ವಯಿಸುತ್ತದೆ.

ಕೇಳುವವರು ಯಾರು? ಹೋಟೆಲ್, ಅಂಗಡಿ, ಆಫೀಸುಗಳಿಗೆ ಬಹುಮಟ್ಟಿಗೆ ಸ್ಥಳೀಯ ಕೌನ್ಸಿಲ್‌ನ ಪರಿಸರ ಆರೋಗ್ಯ ಅಧಿಕಾರಿಗಳು. ಕಾರ್ಖಾನೆ, ಕಟ್ಟಡ ಕೆಲಸ, ಕೃಷಿಗೆ ಎಚ್‌ಎಸ್‌ಇ, ಅಂದರೆ ಕೆಲಸದ ಜಾಗದ ಆರೋಗ್ಯ-ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಸಂಬಂಧಿಸಿದ್ದು.

ಮೊದಲ ಕೆಲಸ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಎಲ್ಲೆಲ್ಲಿ ಏನು ಅಪಾಯವಿದೆ ಎಂದು ಅಳೆಯುವುದು. ಐವರು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದರೆ ಅದೂ ಸುರಕ್ಷತಾ ನೀತಿಯೂ ಬರಹದಲ್ಲೇ ಇರಬೇಕು. ಅಂತರ್ಜಾಲದಿಂದ ಇಳಿಸಿದ ನಮೂನೆಗೆ ಹೆಸರು ತುಂಬಿಸಿಟ್ಟರೆ ಅಧಿಕಾರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಅದರಲ್ಲಿ ನಿಮ್ಮ ಕಾವಲಿ, ವೆಟ್ ಗ್ರೈಂಡರ್, ಎಣ್ಣೆ ಬಾಣಲೆ, ನೆಲಮಾಳಿಗೆಯ ಉಗ್ರಾಣ ಯಾವುದೂ ಇರುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಯಾವ ಜಾಗದಲ್ಲಿರುತ್ತಾರೆ, ಒಂಟಿಯಾಗಿ ಬಾಗಿಲು ತೆರೆಯುವವರು ಯಾರು ಎಂಬುದನ್ನೂ ಬರೆಯಿರಿ.

ತರಬೇತಿ ಪಡೆದವರು ಎಷ್ಟು ಮಂದಿ ಬೇಕು ಎಂಬುದಕ್ಕೆ ಎಚ್‌ಎಸ್‌ಇ ಸಲಹೆಯೊಂದನ್ನು ಕೊಡುತ್ತದೆ. ಆಫೀಸಿನಂಥ ಕಡಿಮೆ ಅಪಾಯದ ಕಡೆ 25ಕ್ಕಿಂತ ಕಡಿಮೆ ಮಂದಿಯಿದ್ದರೆ ಪೆಟ್ಟಿಗೆ ನೋಡಿಕೊಂಡು ಆಂಬುಲೆನ್ಸ್ ಕರೆಯಲು ನೇಮಿಸಿದ ಒಬ್ಬರು ಸಾಕು. ಇವರಿಗೆ ತರಬೇತಿ ಕಡ್ಡಾಯವಲ್ಲ. 25ರಿಂದ 50ರವರೆಗೆ ಒಂದು ದಿನದ ತುರ್ತು ಕೋರ್ಸ್ ಮಾಡಿದ ಒಬ್ಬರಾದರೂ ಇರಬೇಕು. 50 ದಾಟಿದರೆ ಪ್ರತಿ 100 ಮಂದಿಗೆ ಮೂರು ದಿನದ ಕೋರ್ಸ್ ಮಾಡಿದ ಒಬ್ಬರು. ಅಪಾಯ ಹೆಚ್ಚಿರುವ ಕಡೆ ಐದನೆಯ ಕೆಲಸಗಾರ ಬಂದಾಗಲೇ ತರಬೇತಿ ಪಡೆದ ಒಬ್ಬರಾದರೂ ಬೇಕು. ಕುದಿಯುವ ಎಣ್ಣೆ, ಚಾಕು, ಒದ್ದೆ ನೆಲ ಮೂರೂ ಒಟ್ಟಿಗಿರುವ ಅಡುಗೆಮನೆಯನ್ನು ಆಫೀಸಿನ ಸಾಲಿಗೆ ಸೇರಿಸುವುದು ಜಾಣತನವಲ್ಲ. ಅಪಾಯ ಹೆಚ್ಚಿರುವ ಕಡೆಯ ಲೆಕ್ಕವನ್ನೇ ಹಿಡಿಯಿರಿ.

ಹೆಚ್ಚಿನ ಕಡೆ ಎಡವಟ್ಟಾಗುವುದು ಪಾಳಿಯ ಲೆಕ್ಕದಲ್ಲಿ. ಹನ್ನೆರಡು ಮಂದಿಗೆ ತರಬೇತಿ ಪಡೆದ ಒಬ್ಬರು ಎಂದು ಕಾಗದದಲ್ಲಿರುತ್ತದೆ. ಅವರು ವಾರದಲ್ಲಿ ಐದು ದಿನ, ದಿನಕ್ಕೆ ಒಂದೇ ಪಾಳಿ ಬರುತ್ತಾರೆ. ಹೋಟೆಲ್ ಏಳು ದಿನ, ಎರಡು ಪಾಳಿ ನಡೆಯುತ್ತದೆ. ರಜೆಗೆ ಊರಿಗೆ ಹೊರಟರೆ ತಿಂಗಳೊಪ್ಪತ್ತು ಯಾರೂ ಇಲ್ಲ. ಇಂಥ ಜಾಗಕ್ಕೆ ಮೂವರು ಬೇಕು, ಅವರಲ್ಲಿ ಒಬ್ಬರಾದರೂ ಅಡುಗೆಮನೆಯವರಿರಲಿ. ತರಬೇತಿ ಸಂಸ್ಥೆಗಳಿಗೆ ಎಚ್‌ಎಸ್‌ಇ ಅನುಮೋದನೆ ಕೊಡುವ ಪದ್ಧತಿ 2013ರಲ್ಲೇ ನಿಂತಿದೆ. ಸಂಸ್ಥೆಯನ್ನು ಪರೀಕ್ಷಿಸಿ ನೋಡುವ ಹೊಣೆ ನಿಮ್ಮದೇ. ಪೂರ್ತಿ ಆನ್‌ಲೈನ್‌ನಲ್ಲಿ ಮುಗಿಯುವ ಅಗ್ಗದ ಕೋರ್ಸಿಗೆ ದುಡ್ಡು ಸುರಿಯಬೇಡಿ. ಎದೆ ಒತ್ತುವುದನ್ನು ಕೈಯಿಂದ ಮಾಡಿಯೇ ಕಲಿಯಬೇಕು. ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ, ನಡುವೆ ವರ್ಷಕ್ಕೊಮ್ಮೆ ಅರ್ಧ ದಿನದ ಮರುಕಲಿಕೆ ಒಳ್ಳೆಯದು.

ಹಸಿರು ಪೆಟ್ಟಿಗೆ, ಮೇಲೆ ಬಿಳಿ ಶಿಲುಬೆ ಗುರುತು. ಎಚ್‌ಎಸ್‌ಇ ಸೂಚಿಸುವ ಕನಿಷ್ಠ ಸಾಮಾನು: ಬಿಡಿಬಿಡಿಯಾಗಿ ಸುತ್ತಿದ 20 ಪ್ಲಾಸ್ಟರ್, ಕಣ್ಣಿನ ಪ್ಯಾಡ್ 2, ತ್ರಿಕೋನ ಬ್ಯಾಂಡೇಜ್ 2, ಪಿನ್ನು 6, ಗಾಯದ ಡ್ರೆಸ್ಸಿಂಗ್ ಮಧ್ಯಮ 6 ಮತ್ತು ದೊಡ್ಡದು 2, ಬಿಸಾಡುವ ಕೈಗವಸು 3 ಜೊತೆ, ಒಂದು ಮಾರ್ಗದರ್ಶಿ ಚೀಟಿ. ಅಡುಗೆಮನೆಗೆ ನೀಲಿ ಪ್ಲಾಸ್ಟರ್ ತನ್ನಿ, ಸಾರಿಗೆ ಬಿದ್ದರೂ ಕಣ್ಣಿಗೆ ಬೀಳುತ್ತದೆ. ಸುಟ್ಟಗಾಯದ ಡ್ರೆಸ್ಸಿಂಗನ್ನೂ ಸೇರಿಸಿ. ಮಾತ್ರೆ, ಮುಲಾಮು, ಅಮೃತಾಂಜನ ಯಾವುದನ್ನೂ ಪೆಟ್ಟಿಗೆಯಲ್ಲಿ ಇಡಬಾರದು. ತಲೆನೋವೆಂದವರಿಗೆ ಮಾಲೀಕರು ಪ್ರೀತಿಯಿಂದ ಮಾತ್ರೆ ಕೊಡುವ ನಮ್ಮ ರೂಢಿ ಇಲ್ಲಿ ಬೇಡ.

ಸುಟ್ಟಗಾಯಕ್ಕೆ ಉಂಗುರ, ಬಳೆ, ಗಡಿಯಾರ ತೆಗೆದು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ಕೈ ತೆಗೆದರೆ ಒಳಗಿನ ಚರ್ಮ ಇನ್ನೂ ಬೇಯುತ್ತಿರುತ್ತದೆ. ಆಮೇಲೆ ಕ್ಲಿಂಗ್ ಫಿಲ್ಮ್ ಸಡಿಲವಾಗಿ ಹಾಸಿ, ಬಿಗಿಯಾಗಿ ಸುತ್ತಬೇಡಿ. ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ, ಐಸ್ ಬೇಡವೇ ಬೇಡ. ಈ ನಾಲ್ಕು ಸಾಲನ್ನು ಕನ್ನಡ, ತಮಿಳು, ಹಿಂದಿ, ನಿಮ್ಮಲ್ಲಿ ಯಾವ ಭಾಷೆಯವರಿದ್ದಾರೋ ಅದರಲ್ಲಿ ಬರೆದು ಸಿಂಕ್ ಮೇಲೆ ಅಂಟಿಸಿ. ಜೀವಕ್ಕೆ ಕುತ್ತಾದರೆ 999, ಉಳಿದ ಸಲಹೆಗೆ 111.

ಹತ್ತು ಅಥವಾ ಹೆಚ್ಚು ಮಂದಿ ಇದ್ದಲ್ಲಿ ಅಪಘಾತ ಪುಸ್ತಕ ಕಡ್ಡಾಯ. ತುಂಬಿದ ಹಾಳೆಯನ್ನು ಹರಿದು ಬೀಗದಲ್ಲಿಡಬೇಕು, ಇನ್ನೊಬ್ಬರ ಗಾಯದ ವಿವರ ಎಲ್ಲರೂ ಓದುವಂತಿರಬಾರದು. ಅಪಘಾತವನ್ನು ಸರ್ಕಾರಕ್ಕೆ ವರದಿ ಮಾಡುವ ನಿಯಮದ ಹೆಸರು ರಿಡರ್ (RIDDOR), 2013ರದ್ದು. ಕೆಲಸದಲ್ಲಾದ ಅಪಘಾತದಿಂದ ಒಬ್ಬರು ಏಳು ದಿನಕ್ಕಿಂತ ಹೆಚ್ಚು ತಮ್ಮ ಎಂದಿನ ಕೆಲಸ ಮಾಡಲಾಗದಿದ್ದರೆ, ಅಪಘಾತವಾದ 15 ದಿನದೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಅಪಘಾತದ ದಿನ ಲೆಕ್ಕಕ್ಕಿಲ್ಲ, ವಾರದ ರಜೆ ಲೆಕ್ಕಕ್ಕುಂಟು. ಕೆಲಸದ ದಿನ ಮಾತ್ರ ಎಣಿಸಿ ಗಡುವು ತಪ್ಪಿಸಿಕೊಳ್ಳುವವರು ಬಹಳ. ಸಾವು, ಕೈಕಾಲಿನ ಮೂಳೆ ಮುರಿತದಂಥ ಗಂಭೀರ ಗಾಯವಾದರೆ ತಡಮಾಡದೆ ತಿಳಿಸಬೇಕು. ಬೆರಳಿನ ಮುರಿತ ಈ ಪಟ್ಟಿಯಲ್ಲಿಲ್ಲ. ಜೊತೆಗೆ ಮಾಲೀಕರ ಹೊಣೆಗಾರಿಕೆ ವಿಮೆ ಕನಿಷ್ಠ 50 ಲಕ್ಷ ಪೌಂಡಿಗೆ ಇರಲೇಬೇಕು. ಅದಿಲ್ಲದ ಪ್ರತಿ ದಿನಕ್ಕೂ 2,500 ಪೌಂಡ್‌ವರೆಗೆ ದಂಡ ಬೀಳಬಹುದು.

ನಿಧಾನವಾಗಿ ಬರುವ ಕಾಯಿಲೆಗಳನ್ನು ಯಾರೂ ಅಪಘಾತ ಪುಸ್ತಕದಲ್ಲಿ ಬರೆಯುವುದಿಲ್ಲ. ಪಾತ್ರೆ ತೊಳೆಯುವವರ ಕೈಗೆ ಚರ್ಮದ ಉರಿಯೂತ, ಚಪಾತಿ-ಪರೋಟ ಮಾಡುವವರಿಗೆ ಹಿಟ್ಟಿನ ದೂಳಿನಿಂದ ಆಸ್ತಮಾ, ಎರಡೂ ಹೋಟೆಲಿನ ಕಾಯಿಲೆಗಳೇ. ಮೊದಲನೆಯದಕ್ಕೆ ತರಬೇತಿ ಪಡೆದ ಮೇಲ್ವಿಚಾರಕರೇ ಆಗಾಗ್ಗೆ ಕೈ ನೋಡಿ, ಒಣಗಿದೆಯೇ, ಬಿರಿದಿದೆಯೇ, ತುರಿಕೆಯಿದೆಯೇ ಎಂದು ಬರೆದಿಡಬಹುದು. ಎರಡನೆಯದಕ್ಕೆ ಹಿಟ್ಟನ್ನು ಎತ್ತರದಿಂದ ಸುರಿಯದಿರುವುದು, ಪೊರಕೆ ಬಿಟ್ಟು ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ ಬಳಸುವುದು ಮೊದಲ ಹೆಜ್ಜೆ. ಮೂಗು ಸೋರುವಿಕೆ, ಉಬ್ಬಸ ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಬಂದೊಡನೆ ಮರುಕಳಿಸಿದರೆ ಕೆಲಸದಿಂದ ಬರುವ ಕಾಯಿಲೆ ನೋಡುವ ಆಕ್ಯುಪೇಷನಲ್ ಹೆಲ್ತ್ ಸೇವೆಗೆ ಕಳಿಸಿ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಜಿಪಿ (ಕುಟುಂಬ ವೈದ್ಯರು) ಈ ಕೆಲಸ ಮಾಡಿಕೊಡುವುದಿಲ್ಲ, ಖಾಸಗಿ ಸೇವೆಗೆ ದುಡ್ಡು ಕೊಡಬೇಕಾದವರು ಮಾಲೀಕರು. ಇಂಥ ಸೇವೆಗಳ ಗುಣಮಟ್ಟಕ್ಕೆ ಕೊಡುವ ಸೀಕೋಸ್ (SEQOHS) ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿ. ಇಂಥ ಆರೋಗ್ಯ ನಿಗಾದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಅಪಾಯಕಾರಿ ವಸ್ತುಗಳ ನಿಯಮ ಹೇಳುತ್ತದೆ. ಹೋಟೆಲ್ ಮಾರಿದರೂ ಕಡತ ಎಲ್ಲಿರುತ್ತದೆ ಎಂದು ಈಗಲೇ ಗೊತ್ತುಮಾಡಿಕೊಳ್ಳಿ.

ಊರಿನ ಅಭ್ಯಾಸದಂತೆ ಸಂದರ್ಶನದಲ್ಲೇ ಬಿಪಿ, ಶುಗರ್ ಇದೆಯೇ ಎಂದು ಕೇಳಿಬಿಡಬೇಡಿ. 2010ರ ಸಮಾನತಾ ಕಾಯ್ದೆಯ 60ನೇ ಕಲಮಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಆರೋಗ್ಯದ ಪ್ರಶ್ನೆ ಕೇಳುವಂತಿಲ್ಲ. ಕೆಲಸಕ್ಕೆ ಸೇರಿದ ಮೇಲೂ ತಪಾಸಣೆಯ ವರದಿಯಲ್ಲಿ ನಿಮಗೆ ಸಿಗುವುದು ಇಷ್ಟೇ: ಈ ಕೆಲಸಕ್ಕೆ ಇವರು ತಕ್ಕವರೇ, ಯಾವ ಬದಲಾವಣೆ ಬೇಕು, ಎಷ್ಟು ಕಾಲ. ರೋಗ ಯಾವುದೆಂಬುದು ವೈದ್ಯರಿಗೂ ಆ ಕೆಲಸಗಾರರಿಗೂ ಬಿಟ್ಟದ್ದು.