ಟ್ರಂಕಿನಲ್ಲಿ ಏಳು ವರ್ಷ ಮಲಗಿದ್ದ ಪಿಂಚಣಿ

ಸೇನೆಯಲ್ಲಿ ಇಪ್ಪತ್ತು ವರ್ಷ ಮುಗಿಸಿ 2011ರ ಆಗಸ್ಟ್ 31ಕ್ಕೆ ಹವಾಲ್ದಾರ್ ಆಗಿ ಮನೆಗೆ ಬಂದೆ. ಬರುವಾಗ ಕಪ್ಪು ಟ್ರಂಕಿನ ಜೊತೆ ಬಿ.ಪಿ.ಯೂ ಬಂತು. ಬಿಡುಗಡೆಗೆ ಮುಂಚೆ ಕೂತ ಮೆಡಿಕಲ್ ಬೋರ್ಡು ನನ್ನ ಡಿಸೆಬಿಲಿಟಿ, ಅಂದರೆ ಕಾಯಿಲೆಯಿಂದಾದ ಅಸಮರ್ಥತೆ, ಶೇ 30, ಜೀವನಪರ್ಯಂತ ಎಂದು ಬರೆದಿತ್ತು. ಆದರೂ 2012ರ ಜನವರಿಯಲ್ಲಿ ಬಂದ ಕಾಗದದಲ್ಲಿ ಡಿಸೆಬಿಲಿಟಿ ಪಿಂಚಣಿ ಇಲ್ಲ ಎಂದಿತ್ತು. ಕಾರಣ: ‘ನಾನಾ’.

ಫೌಜಿನವರಿಗೆ ಈ ಪದ ಗೊತ್ತು. ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್, ಅಂದರೆ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಕನ್ನಡದವನಿಗೆ ಅದು ‘ನಾನಾ?’ ಎಂದು ತನ್ನನ್ನೇ ಕೇಳಿಕೊಂಡ ಹಾಗೆ ಕಾಣುತ್ತದೆ. ನಾನೂ ಹಾಗೇ ಅಂದುಕೊಂಡೆ, ನನ್ನದೇ ಮೈಯ ದೋಷವಿರಬೇಕು ಅಂತ. ಆರು ತಿಂಗಳೊಳಗೆ ಅಪೀಲು ಮಾಡಬಹುದು ಎಂಬ ಸಾಲು ಅದೇ ಕಾಗದದ ಕೆಳಗಿತ್ತು. ಅಲ್ಲಿಯವರೆಗೆ ಓದಲೇ ಇಲ್ಲ. ಸಿಟ್ಟಿನಲ್ಲಿ ಮಡಚಿ ಟ್ರಂಕಿಗೆ ಹಾಕಿ, ಕೆ.ಆರ್.ಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೆ ಸೇರಿಕೊಂಡೆ.

2019ರ ಫೆಬ್ರುವರಿಯಲ್ಲಿ ಕ್ಯಾಂಟೀನ್ ಸಾಲಿನಲ್ಲಿ ನಮ್ಮ ಹಳೇ ಸುಬೇದಾರ್ ಸಾಬ್ ಸಿಕ್ಕರು. ಅವರಿಗೂ ಬಿ.ಪಿ., ಅವರದ್ದೂ ಶೇ 30. “ನನಗೆ ಐವತ್ತರ ಲೆಕ್ಕದಲ್ಲಿ ಬರ್ತಿದೆ ಗೌಡ್ರೇ. ನೀವೇನು ದಾನ ಮಾಡಿಬಿಟ್ರಾ?” ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೂವತ್ತು ಐವತ್ತಾಗುವುದು ಹೇಗೆ ಎಂದರೆ, ಅದಕ್ಕೆ ಬ್ರಾಡ್ ಬ್ಯಾಂಡಿಂಗ್ ಅನ್ನುತ್ತಾರೆ. ಡಿಸೆಬಿಲಿಟಿ ಕನಿಷ್ಠ ಶೇ 20 ಇರಬೇಕು. 50ಕ್ಕಿಂತ ಕಡಿಮೆ ಇದ್ದರೆ 50 ಎಂದು, 50ರಿಂದ 75ರವರೆಗೆ ಇದ್ದರೆ 75 ಎಂದು, ಅದಕ್ಕೂ ಮೇಲಿದ್ದರೆ 100 ಎಂದು ಹಿಡಿಯುತ್ತಾರೆ. ಮೊದಲು ಇದು ಕಾಯಿಲೆಯಿಂದ ಅರ್ಧಕ್ಕೇ ಮನೆಗೆ ಕಳಿಸಿದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಸಲ್ಲಬೇಕು ಎಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಬಿಲಿಟಿ ಪೂರ್ತಿ ನೂರು ಇದ್ದರೆ ಕೊನೆಯ ಸಂಬಳದ ಶೇ 30 ಸಿಗುತ್ತದೆ. ಸಂಬಳ 40,000 ಎಂದುಕೊಳ್ಳಿ: ನೂರಕ್ಕೆ 12,000, ಮೂವತ್ತಕ್ಕೆ 3,600, ಐವತ್ತಕ್ಕೆ 6,000. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಮಾಮೂಲಿ ಸೇವಾ ಪಿಂಚಣಿಗೆ ಇದು ಸೇರಿಕೊಳ್ಳುತ್ತದೆ, ಅದನ್ನು ಕಡಿಮೆ ಮಾಡುವುದಿಲ್ಲ.

ವಕೀಲರ ಹತ್ತಿರ ಓಡುವುದಕ್ಕೆ ಮುಂಚೆ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ ಕೈಗೆ ಬರಬೇಕು ಅನ್ನುವುದು ನನಗೆ ತಿಳಿದದ್ದು ಕಾರ್ಯಪ್ಪ ರಸ್ತೆಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಾಹಿತಿ ಹಕ್ಕಿನಲ್ಲಿ ನಮ್ಮ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿದೆ. ಏಪ್ರಿಲ್‌ನಲ್ಲಿ ದಪ್ಪ ಲಕೋಟೆ ಬಂತು. ಜೆರಾಕ್ಸ್ ಎಷ್ಟು ಮಸುಕಾಗಿತ್ತೆಂದರೆ ಮಗಳ ಭೂತಗನ್ನಡಿ ಹಿಡಿದು ಓದಬೇಕಾಯಿತು. ಕಾಯಿಲೆ ಮೊದಲು ಕಂಡದ್ದು: 2006, ಲೇಹ್. ಕಾರಣದ ಕಾಲಮ್ಮಿನಲ್ಲಿ ಎರಡೇ ಪದ: ಕಾನ್‌ಸ್ಟಿಟ್ಯೂಷನಲ್ ಡಿಸಾರ್ಡರ್. ಅಂದರೆ ಹುಟ್ಟುಗುಣ! ಹುಟ್ಟುಗುಣವಾಗಿದ್ದರೆ 1991ರ ಭರ್ತಿಯಲ್ಲಿ ಎದೆ, ಕಣ್ಣು, ಹಲ್ಲು ಎಲ್ಲ ತಟ್ಟಿ ನೋಡಿದವರಿಗೆ ಏಕೆ ಕಾಣಲಿಲ್ಲ?

ಈ ಪ್ರಶ್ನೆಯೇ ಕೇಸಿನ ಜೀವಾಳ ಅಂದರು ವಕೀಲೆ ಮೇಡಂ. ಭರ್ತಿಯಾಗುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ ಮನುಷ್ಯ ಗಟ್ಟಿಯಾಗಿಯೇ ಸೇರಿದ ಎಂದು ಹಿಡಿಯಬೇಕು, ಅಲ್ಲ ಅನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು. ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪಿನ ಸಾರ ಅದು. ನನ್ನ ಬೋರ್ಡಿನಲ್ಲಿದ್ದದ್ದು ಆ ಎರಡು ಪದ ಮಾತ್ರ.

ಮೇ ತಿಂಗಳಲ್ಲಿ ಮೊದಲ ಅಪೀಲು ಕಳಿಸಿದೆ, ತಡವಾದದ್ದಕ್ಕೆ ಕ್ಷಮೆ ಕೋರಿ. ಉತ್ತರ ಬರಲಿಲ್ಲ. ಆರು ತಿಂಗಳು ಉತ್ತರ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಅಪೀಲು ಕಳಿಸಿದ ಅಂಚೆಯ ರಸೀದಿ ಇಟ್ಟುಕೊಂಡಿರಬೇಕು, ಅಷ್ಟೆ. ಕರ್ನಾಟಕದವರು ಕೊಚ್ಚಿ ಪೀಠಕ್ಕೆ ಸೇರುತ್ತಾರೆ. ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಮೂರೇ ತಿಂಗಳಿಗೆ ಕೊರೊನಾ ಬಂತು. ಆ ಕಾಲದ ಕಥೆ ಎಲ್ಲರದೂ ಒಂದೇ, ಬಿಡಿ.

2021ರ ನವೆಂಬರ್‌ನಲ್ಲಿ ಆದೇಶ ನನ್ನ ಪರವಾಗಿ ಬಂತು. ಶೇ 30ನ್ನು 50 ಎಂದು ಹಿಡಿದು ಜೀವನಪರ್ಯಂತ ಕೊಡಿ, ನಾಲ್ಕು ತಿಂಗಳಲ್ಲಿ ಕೊಡದಿದ್ದರೆ ಶೇ 8 ಬಡ್ಡಿ. ಆದರೆ ಬಾಕಿ ಹಣ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ. 2008ರ ತರ್ಸೇಮ್ ಸಿಂಗ್ ತೀರ್ಪಿನ ಗೆರೆ ಅದು: ಪಿಂಚಣಿ ಪ್ರತಿ ತಿಂಗಳೂ ಹುಟ್ಟುವ ಹಕ್ಕು, ಆದ್ದರಿಂದ ತಡವಾದರೂ ಕೇಸು ಸಾಯುವುದಿಲ್ಲ, ಹಳೆಯ ಬಾಕಿ ಮಾತ್ರ ಸಾಯುತ್ತದೆ. 2016ರ ಡಿಸೆಂಬರಿಗೆ ಮುಂಚಿನ 63 ತಿಂಗಳು ಹೋಯಿತು. ಅದಕ್ಕೆ ಸರ್ಕಾರವನ್ನು ಬೈಯಲು ನನಗೆ ಬಾಯಿಲ್ಲ. ಕಾಗದ ಟ್ರಂಕಿಗೆ ಹಾಕಿದವನು ನಾನು.

ಮುಂದಿನ ಮೇನಲ್ಲಿ ಹೊಸ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ ಬಂತು, ಬ್ಯಾಂಕಿಗೆ ದುಡ್ಡೂ ಬಂತು. ಕೂತು ಲೆಕ್ಕ ಹಾಕಿದರೆ ಬಾಕಿಯಲ್ಲಿ ತುಟ್ಟಿಭತ್ಯೆಯೇ ಇಲ್ಲ. ಬ್ಯಾಂಕಿನ ಹುಡುಗ “ಸಿಸ್ಟಮ್ ಲೆಕ್ಕ ಹಾಕಿರೋದು ಸರ್, ತಪ್ಪಾಗಲ್ಲ” ಅಂದ. ತಿಂಗಳುವಾರು ಕೋಷ್ಟಕ ಕೈಯಲ್ಲೇ ಬರೆದು, ಆಗಾಗ ಬದಲಾದ ದರವನ್ನು ಪಕ್ಕದಲ್ಲಿ ಹಾಕಿ, ಮ್ಯಾನೇಜರ್ ಟೇಬಲ್ ಮೇಲಿಟ್ಟೆ. ಸ್ಟೋರಿನಲ್ಲಿ ಲೆಡ್ಜರ್ ಬರೆದ ಕೈ ಇದು, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎರಡು ತಿಂಗಳಿಗೆ ವ್ಯತ್ಯಾಸದ ಹಣ ಜಮಾ ಆಯಿತು.

ಪಾಸ್‌ಬುಕ್ ಮುದ್ರಿಸಿಕೊಂಡು ಬಂದು ಹೆಂಡತಿಗೆ ತೋರಿಸಿದೆ. ಒಂದು ಸಲ ನೋಡಿ, “ಆ 63 ತಿಂಗಳದ್ದು ಎಷ್ಟಾಗ್ತಿತ್ತು ರೀ?” ಎಂದು ಪೆನ್ನು ತೆಗೆದುಕೊಂಡಳು.