ಸಿಲಾರ್ಡ್ ಪತ್ರಗಳನ್ನು ಪಿಯುಸಿ ಹುಡುಗರಿಗೆ ಓದಿಸಿದ ಬಗೆ

“ಯುದ್ಧಕಾಲದ ಕಾಗದ ಓದಿಸಿ ಫಿಸಿಕ್ಸ್ ಪಾಠ ಮಾಡ್ತೀರಾ? ಹುಡುಗರು ಗೊರಕೆ ಹೊಡೀತಾರೆ ಸಾರ್.” ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲೇ ಇಬ್ಬರು ಈ ವರ್ಷ ನಾನು ಮಾಡಿಟ್ಟ ಸಿಲಾರ್ಡ್ ಪತ್ರಗಳ ಲಕೋಟೆ ಸೆಟ್ ಎರವಲು ತೆಗೆದುಕೊಂಡು ಹೋಗಿದ್ದಾರೆ. ಇನ್ನೂ ವಾಪಸ್ ಬಂದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ಕೇಳುವವರು ತಾವೇ ಮಾಡಿಕೊಳ್ಳಲಿ.

ಫಿಷನ್ ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಒಡೆಯುವುದು; ಹಾಗೆ ಒಡೆದಾಗ ಹೊರಬಂದ ನ್ಯೂಟ್ರಾನ್ ಮುಂದಿನದನ್ನು ಒಡೆಯುತ್ತಾ ಹೋದರೆ ಅದು ಚೈನ್ ರಿಯಾಕ್ಷನ್. ಇದರಿಂದ ಬಾಂಬ್ ಆದೀತು ಅಂತ ಮೊದಲೇ ಹೆದರಿದವರಲ್ಲಿ ಒಬ್ಬರು ಹಂಗೇರಿ ಮೂಲದ ಭೌತವಿಜ್ಞಾನಿ ಲಿಯೋ ಸಿಲಾರ್ಡ್. ಅವರನ್ನೇ ಆರಿಸಿಕೊಂಡಿದ್ದು ಯಾಕೆಂದರೆ, ಆ ಮನುಷ್ಯ ಕಾಗದದಲ್ಲೇ ಜಗಳ ಆಡಿದವರು. ವಿಜ್ಞಾನಿಗಳಿಗೆ, ಅಧಿಕಾರಿಗಳಿಗೆ, ಅಧ್ಯಕ್ಷರಿಗೆ, ಎಲ್ಲರಿಗೂ ಬರೆದರು. ಅವರ ಕಾಗದಪತ್ರಗಳು ಈಗ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಬಹಳಷ್ಟನ್ನು ಮನೆಯಲ್ಲೇ ಕೂತು ನೋಡಬಹುದು.

ಮೊದಲು ಪುಸ್ತಕ ಮಾಡಿಸಿದೆ. ಇಪ್ಪತ್ತು ಚಿಲ್ಲರೆ ಪತ್ರ ಕನ್ನಡಕ್ಕೆ ತಂದು, ಡಿಟಿಪಿ ಮಾಡಿಸಿ, ಇನ್ನೂರು ಪ್ರತಿ. ಸುಮಾರು ಹನ್ನೊಂದು ಸಾವಿರ ನನ್ನ ಕೈಯಿಂದಲೇ ಹೋಯಿತು. ಪ್ರೆಸ್ಸಿನವರು ಎರಡು ಫಾರಂ ಅದಲು ಬದಲು ಹೊಲಿದಿದ್ದರು. ಹಾಗಾಗಿ 1945ರ ಪತ್ರ 1940ರದ್ದಕ್ಕಿಂತ ಮುಂಚೆ ಬಂತು. ಯಾರೂ ಗಮನಿಸಲಿಲ್ಲ. ಯಾರೂ ಓದಿರಲಿಲ್ಲ ಅನ್ನೋದು ಅದರಿಂದಲೇ ಗೊತ್ತಾಯಿತು. ಆಮೇಲೆ ನಾಟಕ ಮಾಡಿಸಿದೆವು. ಬಾಡಿಗೆ ಕೋಟು, ಐನ್‌ಸ್ಟೈನ್‌ಗೆ ಬಿಳಿ ವಿಗ್ಗು, ಮೈಕು, ಎಲ್ಲ ಸೇರಿ ನಾಲ್ಕೈದು ಸಾವಿರ. ವಿಗ್ಗು ನೋಡಿ ನಕ್ಕಿದ್ದೇ ನಕ್ಕಿದ್ದು, ಪತ್ರ ಯಾರಿಗೂ ಕೇಳಿಸಲಿಲ್ಲ. ಸ್ಲೈಡ್ ಶೋ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕರೆಂಟ್ ಹೋಯಿತು.

ತೊಂದರೆ ಎಲ್ಲಿದೆ ಅಂತ ನಿಧಾನವಾಗಿ ಹೊಳೆಯಿತು. ಮಕ್ಕಳಿಗೆ ಕೊನೆ ಗೊತ್ತು. ಬಾಂಬ್ ಬಿತ್ತು, ಮುಗಿಯಿತು. ಕೊನೆ ಗೊತ್ತಿದ್ದವನು ಪತ್ರ ಓದುವುದಿಲ್ಲ, ಪುಟ ತಿರುವುತ್ತಾನೆ ಅಷ್ಟೇ. ಹಾಗಾಗಿ ಒಂದೇ ನಿಯಮ ಮಾಡಿದೆ. ಆ ತಾರೀಖಿನಂದು ಪತ್ರ ಬರೆದವರಿಗೆ ಎಷ್ಟು ಗೊತ್ತಿತ್ತೋ ಅಷ್ಟೇ ಕ್ಲಾಸಿಗೂ ಗೊತ್ತಿರಬೇಕು. ಪತ್ರ ಅಂಟಿಸಿದ ಲಕೋಟೆಯಲ್ಲಿ ಬರುತ್ತದೆ. ಪ್ರತಿ ಗುಂಪೂ ತನ್ನ ಲಕೋಟೆ ಒಡೆದು ಓದಿ, ಬೆಲ್ ಹೊಡೆಯುವುದರೊಳಗೆ ಉತ್ತರ ಬರೆಯಬೇಕು. ನಿಜವಾದ ಉತ್ತರ ಸಿಗುವುದು ಮರುದಿನವೇ. ಮೊಬೈಲ್ ಮೇಜಿನ ಮೇಲೆ, ಬೋರಲು.

ಐನ್‌ಸ್ಟೈನ್ ಸಹಿ ಹಾಕಿ ಅಮೆರಿಕದ ಅಧ್ಯಕ್ಷರಿಗೆ ಬಾಂಬಿನ ಬಗ್ಗೆ ಎಚ್ಚರಿಸಿದ ಪತ್ರದಿಂದ ಶುರು ಮಾಡಲೇಬೇಡಿ. ಅದು ಎಲ್ಲರಿಗೂ ಗೊತ್ತು. ನಾನು ಶುರು ಮಾಡುವುದು 1939ರ ಫೆಬ್ರವರಿ 2ರ ಪತ್ರದಿಂದ. ನ್ಯೂಯಾರ್ಕಿನಿಂದ ಸಿಲಾರ್ಡ್ ಪ್ಯಾರಿಸ್‌ನ ಭೌತವಿಜ್ಞಾನಿ ಜೋಲಿಯೊ-ಕ್ಯೂರಿಗೆ ಬರೆದಿದ್ದು. ಯುರೇನಿಯಂ ಒಡೆದಾಗ ಒಂದಕ್ಕಿಂತ ಹೆಚ್ಚು ನ್ಯೂಟ್ರಾನ್ ಹೊರಬಂದರೆ ಚೈನ್ ರಿಯಾಕ್ಷನ್ ಆಗಬಹುದು, ಅದರಿಂದ ಬಾಂಬ್ ಆಗಬಹುದು, ಕೆಲವು ಸರ್ಕಾರಗಳ ಕೈಗೆ ಸಿಕ್ಕರೆ ಅಪಾಯ, ಹಾಗಾಗಿ ಸದ್ಯಕ್ಕೆ ಪ್ರಕಟಿಸುವುದು ಬೇಡವೇನೋ ಅನ್ನುವ ಧಾಟಿ. ಹೆಸರು ಮುಚ್ಚಿ ಕೊಡುತ್ತೇನೆ. ನಮ್ಮ ಹುಡುಗರು ಹೆಚ್ಚಾಗಿ “ಪ್ರಕಟಿಸಿ” ಅನ್ನುತ್ತಾರೆ. “ನಾವು ಸುಮ್ನಿದ್ರೆ ಬೇರೆಯವರು ಹೆಸರು ಹೊಡ್ಕೊಂಡು ಹೋಗ್ತಾರೆ ಸಾರ್.” ಮರುದಿನ ಲಕೋಟೆ ಒಡೆದರೆ ಒಳಗೆ ‘ನೇಚರ್’ ಪತ್ರಿಕೆಯ ಮಾರ್ಚ್ ತಿಂಗಳ ಸುದ್ದಿ. ಜೋಲಿಯೊ ತಂಡ ಪ್ರಕಟಿಸಿಯೇ ಬಿಟ್ಟಿತ್ತು. ಕ್ಲಾಸಿನಲ್ಲಿ ಶಿಳ್ಳೆ ಬೀಳುತ್ತದೆ.

ಅದೇ ತಿಂಗಳು ಸಿಲಾರ್ಡ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ವಾಲ್ಟರ್ ಜಿನ್ ಜೊತೆ ಅದೇ ನ್ಯೂಟ್ರಾನ್‌ಗಳನ್ನು ಕಂಡರು. ಅದಕ್ಕೆ ಬೇಕಾದ ರೇಡಿಯಂ ಬಾಡಿಗೆಗೆ ತಂದಿದ್ದು, ಗೆಳೆಯನ ಹತ್ತಿರ 2,000 ಡಾಲರ್ ಸಾಲ ಮಾಡಿ. ಈ ಸಾಲದ ವಿಷಯ ಹೇಳಿದ ಮೇಲೆ ಮಕ್ಕಳಿಗೆ ಸಿಲಾರ್ಡ್ ತಮ್ಮವರೇ ಆಗಿಬಿಡುತ್ತಾರೆ. ಸಾಲ ಮಾಡಿ ಪ್ರಾಜೆಕ್ಟ್ ಮಾಡಿದವರು ನಮ್ಮಲ್ಲಿ ಕಡಿಮೆ ಇಲ್ಲ, ಅಲ್ವಾ?

ಐನ್‌ಸ್ಟೈನ್ ಪತ್ರ ಆಮೇಲೆ ಬರುತ್ತದೆ. ತಾರೀಖು 1939 ಆಗಸ್ಟ್ 2. ಅಧ್ಯಕ್ಷ ರೂಸ್‌ವೆಲ್ಟ್ ಕೈಗೆ ಅವರ ಪರಿಚಯದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಸ್ಯಾಕ್ಸ್ ಮುಟ್ಟಿಸಿದ್ದು ಅಕ್ಟೋಬರ್ 11ಕ್ಕೆ. ನಡುವೆ ಯುರೋಪಿನಲ್ಲಿ ಯುದ್ಧವೇ ಶುರುವಾಗಿತ್ತು. ಬಾಂಬನ್ನು ಹಡಗಿನಲ್ಲಿ ಬಂದರಿಗೆ ಒಯ್ದು ಸಿಡಿಸಬಹುದು, ವಿಮಾನಕ್ಕೆ ಭಾರವಾದೀತು ಅಂತ ಅದರಲ್ಲಿದೆ. ಈ ಸಾಲು ಒಂದೇ ಸಾಕು, ಅವರಿಗೂ ಮುಂದಿನದು ಗೊತ್ತಿರಲಿಲ್ಲ ಅಂತ ಮಕ್ಕಳು ನಂಬುತ್ತಾರೆ. ಅಕ್ಟೋಬರ್ 21ರಂದು ಸರ್ಕಾರದ ಯುರೇನಿಯಂ ಸಮಿತಿ ಸೇರಿತು. ಆಗ ವಿಜ್ಞಾನಿಗಳು ಎಷ್ಟು ದುಡ್ಡು ಕೇಳಿರಬಹುದು, ನೀವೇ ಬರೆಯಿರಿ ಅನ್ನುತ್ತೇನೆ. ಕೋಟಿಗಟ್ಟಲೆ ಬರೆಯುತ್ತಾರೆ. ಸಿಕ್ಕಿದ್ದು 6,000 ಡಾಲರ್. ಅದೂ ಹೆಚ್ಚಾಗಿ ಗ್ರ್ಯಾಫೈಟಿಗೆ.

ಗ್ರ್ಯಾಫೈಟ್ ಬಂತಲ್ಲ, ಇಲ್ಲಿ ನಾನು ಸಿಲಬಸ್ ಬಿಟ್ಟು ಅಡ್ಡದಾರಿ ಹಿಡಿಯುತ್ತೇನೆ. ಜುಲೈ 1939ರಲ್ಲಿ ಸಿಲಾರ್ಡ್ ನ್ಯೂಯಾರ್ಕಿನಲ್ಲಿ, ಅವರ ಜೊತೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಫರ್ಮಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ. ನ್ಯೂಟ್ರಾನ್ ವೇಗ ತಗ್ಗಿಸಲು ನೀರಿನ ಬದಲು ಕಾರ್ಬನ್, ಅಂದರೆ ಗ್ರ್ಯಾಫೈಟ್, ಬಳಸೋಣ ಅಂತ ಪತ್ರದ ಮೇಲೆ ಪತ್ರ ಓಡಾಡಿತು. ಆದರೆ ಅಂಗಡಿಯ ಗ್ರ್ಯಾಫೈಟಿನಲ್ಲಿ ಬೋರಾನ್ ಇರುತ್ತದೆ, ಅದು ನ್ಯೂಟ್ರಾನ್ ನುಂಗುತ್ತದೆ. ಇದನ್ನು ತೋರಿಸಲು ಕೇರಂ ಪೌಡರ್ ತಂದೆ. ಅದು ಬೋರಿಕ್ ಆಸಿಡ್ಡೇ ತಾನೆ. ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಹಚ್ಚಿದರೆ ಹಸಿರು ಜ್ವಾಲೆ. ಪೌಡರ್ ಕಡಿಮೆ ಮಾಡುತ್ತಾ ಹೋದೆ. ಒಂದು ಹಂತದಲ್ಲಿ ಹಸಿರು ಮಾಯ. ಅಲ್ಲಿಂದಲೂ ಎಷ್ಟೋ ಪಟ್ಟು ಕೆಳಗೆ, ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನ ಲೆಕ್ಕದಲ್ಲಿ, ಬೋರಾನ್ ಕೆಲಸ ಕೆಡಿಸುತ್ತದೆ ಅಂದಾಗ ಹಿಂದಿನ ಬೆಂಚೂ ಎದ್ದು ನಿಂತಿತ್ತು. ಟಾರ್ಚ್ ಸೆಲ್ ಒಡೆದು ತೆಗೆದ ಕಾರ್ಬನ್ ಕಡ್ಡಿಯಲ್ಲೂ ಬೋರಾನ್ ಹುಡುಕಿದೆವು. ಏನೂ ಕಾಣಲಿಲ್ಲ, ಕೈ ಮಾತ್ರ ಕಪ್ಪಾಯಿತು.

ಫರ್ಮಿ ಶುದ್ಧ ಗ್ರ್ಯಾಫೈಟನ್ನು ಅಳೆದು ನೋಡಿದಾಗ ಫಲಿತಾಂಶ ಚೆನ್ನಾಗಿ ಬಂತು, ಅದು ನ್ಯೂಟ್ರಾನ್ ಹೆಚ್ಚು ನುಂಗುತ್ತಿರಲಿಲ್ಲ. ಪ್ರಕಟಿಸಬೇಡಿ ಅಂತ ಸಿಲಾರ್ಡ್ ಹಟ ಹಿಡಿದರು. ಫರ್ಮಿಗೆ ಸಿಟ್ಟು ಬಂತು, ಆದರೂ ಲೇಖನ ತಡೆಹಿಡಿದರು. ಅತ್ತ ಜರ್ಮನಿಯಲ್ಲಿ ಇದು ಗೊತ್ತಿಲ್ಲದೆ ಭೌತವಿಜ್ಞಾನಿ ಬೋಥೆ 1941ರಲ್ಲಿ ಅಳೆದು ಗ್ರ್ಯಾಫೈಟ್ ಆಗಲ್ಲ ಅಂದರು. ಜರ್ಮನ್ನರು ಗ್ರ್ಯಾಫೈಟ್ ಬಿಟ್ಟು, ಅದೇ ಕೆಲಸಕ್ಕೆ ಬರುವ ಭಾರಜಲದ ಹಿಂದೆ ನಾರ್ವೆಗೆ ಓಡಿದರು. ನನ್ನ ಮಟ್ಟಿಗೆ ಐನ್‌ಸ್ಟೈನ್ ಸಹಿ ಹಾಕಿದ ಪತ್ರಕ್ಕಿಂತ ಈ ಅಚ್ಚಾಗದ ಲೇಖನವೇ ದೊಡ್ಡದು. ಸ್ಟಾಫ್ ರೂಮಿನಲ್ಲಿ ಹಿಸ್ಟರಿಯವರು ಒಪ್ಪುವುದಿಲ್ಲ. ಒಪ್ಪದಿರಲಿ.

ಇನ್ನೊಂದು ರತ್ನ ಭೌತವಿಜ್ಞಾನಿ ಲೂಯಿಸ್ ಟರ್ನರ್ ಅವರದು. ಯುರೇನಿಯಂ 238 ನ್ಯೂಟ್ರಾನ್ ನುಂಗಿ ಕೊನೆಗೆ ಒಡೆಯುವಂಥ ಹೊಸ ಧಾತು ಆಗಬಹುದು ಅಂತ 1940ರ ಮೇ ತಿಂಗಳಲ್ಲೇ ಬರೆದು, ಅಚ್ಚು ಹಾಕಿಸಲಾ ಅಂತ ಸಿಲಾರ್ಡ್‌ರನ್ನು ಕೇಳಿದರು. ಬೇಡ ಅಂದರು. ಅದು ಅಚ್ಚಾಗಿದ್ದು 1946ರಲ್ಲಿ. ಆ ಧಾತು ಪ್ಲುಟೋನಿಯಂ, ಪರಮಾಣು ಸಂಖ್ಯೆ 94, ಅಂತ ಹೇಳದೆ ಇದನ್ನು ಓದಿಸಿ. ಚುರುಕಿನ ಹುಡುಗಿ ಒಬ್ಬಳಾದರೂ “ಸಾರ್, ಇದು 94 ಅಲ್ವಾ?” ಅಂದೇ ಅನ್ನುತ್ತಾಳೆ.

ಹಳೇ ಕಾಗದದ ಹಾಗೆ ಕಾಣಲಿ ಅಂತ ಪತ್ರಗಳನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿದ್ದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಒಂದು ಸೆಟ್ ಪೂರ್ತಿ ಹೋಯಿತು. ಈಗ ಮಾಮೂಲಿ ಬಾಂಡ್ ಪೇಪರ್, ಖಾಕಿ ಲಕೋಟೆ, ಒಂದು ರಬ್ಬರ್ ಸ್ಟ್ಯಾಂಪ್. ಸೆಟ್ಟಿಗೆ ಎಂಟುನೂರರಿಂದ ಸಾವಿರ ಬೀಳುತ್ತದೆ. ಲಾಸ್ ಅಲಮೋಸ್‌ನ ಗುಪ್ತ ಬಾಂಬ್ ಪ್ರಯೋಗಾಲಯದ ಅಂಚೆ ಪೆಟ್ಟಿಗೆ ಸಂಖ್ಯೆ 1663 ಹಾಕಿದ ಲಕೋಟೆಗಳನ್ನು ನಾನೇ ಸೆನ್ಸಾರ್ ಆಗಿ ಬ್ಲೇಡಿನಿಂದ ಕತ್ತರಿಸಿ ಕೊಟ್ಟೆ. ಹುಡುಗರು ಎರಡೇ ದಿನದಲ್ಲಿ ತಮ್ಮದೇ ಗುಪ್ತಲಿಪಿ ಕಟ್ಟಿಕೊಂಡರು. ಪರೀಕ್ಷೆ ಹತ್ತಿರ ಇತ್ತು, ಅದನ್ನು ಅಲ್ಲಿಗೇ ನಿಲ್ಲಿಸಿದೆ.

1942, 43ರ ಪತ್ರಗಳಲ್ಲಿ ಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಜೊತೆಗಿನ ಗುದ್ದಾಟ ಮತ್ತು ಪೇಟೆಂಟ್ ಜಗಳವೇ ಜಾಸ್ತಿ. ಕೊನೆಗೆ ಸಿಲಾರ್ಡ್‌ಗೆ ಪೇಟೆಂಟ್ ಹಕ್ಕಿಗಾಗಿ ಸುಮಾರು 15,400 ಡಾಲರ್ ಸಿಕ್ಕಿತು. ಒಂದು ಪೀರಿಯಡ್ಡಿನಲ್ಲಿ ಮುಗಿಸಿ.

1945ಕ್ಕೆ ಟೈಮ್ ಉಳಿಸಿಕೊಳ್ಳಿ. ಅಧ್ಯಕ್ಷರನ್ನು ಕಾಣಲು ಐನ್‌ಸ್ಟೈನ್ ಮಾರ್ಚ್ 25ರಂದು ಸಿಲಾರ್ಡ್‌ಗೆ ಪರಿಚಯಪತ್ರ ಕೊಟ್ಟರು. ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ತೀರಿಕೊಂಡರು. ಜಪಾನಿನ ಮೇಲೆ ಬಾಂಬ್ ಹಾಕುವ ಮುನ್ನ ಯೋಚಿಸಿ ಅನ್ನುವ ಮನವಿಗೆ ಸಿಲಾರ್ಡ್ ಸಹಿ ಎತ್ತತೊಡಗಿದರು. ಆಗ ಲಾಸ್ ಅಲಮೋಸ್‌ನಲ್ಲಿದ್ದ ಭೌತವಿಜ್ಞಾನಿ ಟೆಲ್ಲರ್ ಜುಲೈ 2ರ ಪತ್ರದಲ್ಲಿ, ನಮ್ಮ ಪ್ರತಿಭಟನೆಯಿಂದ ಆತ್ಮ ಉಳಿಯುವುದಿಲ್ಲ ಎಂಬರ್ಥದಲ್ಲಿ ಬರೆದು ಸಹಿ ಹಾಕಲು ಒಪ್ಪಲಿಲ್ಲ. ಎರಡನ್ನೂ ಒಟ್ಟಿಗೆ ಕೊಡಿ, ಸಹಿ ಮಾಡುವುದು ಬಿಡುವುದು ಮಕ್ಕಳಿಗೆ ಬಿಡಿ. ನಮ್ಮಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಾಕಿದ್ದರು. ಮನವಿಯ ತಾರೀಖು ಜುಲೈ 17. ಹಿಂದಿನ ದಿನವೇ ಮರುಭೂಮಿಯಲ್ಲಿ ಬಾಂಬ್ ಪರೀಕ್ಷೆ ಆಗಿತ್ತು ಅನ್ನುವುದು ಮುಂದಿನ ಲಕೋಟೆಯಲ್ಲಿರಲಿ.

ಸಹಿ ಹಾಕಿದ ಹಾಳೆಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಕ್ಲಾಸ್ ಲೀಡರ್ ಕೈಲಿ ಪ್ರಿನ್ಸಿಪಾಲರಿಗೆ ಕಳಿಸುತ್ತೇನೆ. ದಾರಿಯಲ್ಲೇ ಇಟ್ಟುಕೋ ಅಂತ ಲೀಡರ್‌ಗೆ ಮೊದಲೇ ಹೇಳಿರುತ್ತೇನೆ. ಸಿಲಾರ್ಡ್ ಹಾಳೆಯೂ ಯೋಜನೆಯ ಮೇಲಿನವರಾದ ಕಾಂಪ್ಟನ್, ನಿಕೋಲ್ಸ್ ದಾಟಿ ಗ್ರೋವ್ಸ್ ಹತ್ತಿರ ಕೂತಿತ್ತು. ಆಗಸ್ಟ್ 1ಕ್ಕೆ ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಕಚೇರಿ ಸೇರಿತು. ಹೊಸ ಅಧ್ಯಕ್ಷ ಟ್ರೂಮನ್ ನೋಡಲೇ ಇಲ್ಲ. ಎಪ್ಪತ್ತು ಸಹಿ ಇದ್ದವು. ನಮ್ಮ ಹಾಳೆ ಏನಾಯಿತು ಅಂತ ಗೊತ್ತಾದಾಗ ಆಗುವ ಗಲಾಟೆಗೆ ಪಕ್ಕದ ಕ್ಲಾಸಿನವರ ಕ್ಷಮೆ ಮೊದಲೇ ಕೇಳಿಟ್ಟಿರಿ.

ಇನ್ನೊಂದು ಕಡೆ ಬೇಕಂತಲೇ ತಾರೀಖಿನ ಕ್ರಮ ಮುರಿಯುತ್ತೇನೆ. ಎಲ್ಲಿ, ಯಾಕೆ ಅಂತ ಇಲ್ಲಿ ಹೇಳುವುದಿಲ್ಲ. ಎರಡು ಬ್ಯಾಚ್ ಮಾಡಿ ನೋಡಿ, ಜಾಗ ನಿಮಗೇ ಸಿಗುತ್ತದೆ. ಹದಿನಾಲ್ಕು ಹದಿನೈದು ಪೀರಿಯಡ್ ಬೇಕು, ಸಿಇಟಿ ಕೋಚಿಂಗ್ ಶುರುವಾಗುವ ಮೊದಲು ಮುಗಿಸಿ. ಗೋಂದು ಮಾತ್ರ ಒಳ್ಳೆಯದು ಹಾಕಿ. ಅಗ್ಗದ ಗೋಂದಾದರೆ ಹಿಂದಿನ ಬೆಂಚಿನವರು ಹಬೆ ಹಿಡಿದು ರಾತ್ರಿಯೇ ಬಿಚ್ಚುತ್ತಾರೆ.