ಬಾರ್‌ನಲ್ಲಿ ಬ್ಯಾಂಡಿಗೆ ಸೌಂಡ್ ಮಾಡುವುದು: ನನ್ನ ಅನುಭವ

ನಾನು ಸಣ್ಣ ಬಾರ್‌ಗಳಲ್ಲಿ ಬ್ಯಾಂಡ್‌ಗಳಿಗೆ ಸೌಂಡ್ ಮಾಡುತ್ತೇನೆ. ನೂರು ಜನ ಬಂದರೆ ಕಾಲಿಡಲು ಜಾಗ ಇರದಂಥ ಕಡೆ. ಸ್ಟೇಜ್ ಅಂದರೆ ಅಲ್ಲಿ ಒಂದು ಮೂಲೆ, ಅಬ್ಬಬ್ಬಾ ಅಂದರೆ ಒಂದಡಿ ಎತ್ತರದ ಹಲಗೆ. "ನಿಮಗೇನ್ರೀ, ದಿನಾ ಪಾರ್ಟಿ" ಅನ್ನುವವರು ತುಂಬಾ ಜನ. ಪಾರ್ಟಿ ನಡೆಯುವುದು ಟೇಬಲ್‌ಗಳಲ್ಲಿ. ನಾನು ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಎಲ್ಲ ಮೈಕ್, ವಾದ್ಯಗಳ ಸದ್ದನ್ನು ಬೆರೆಸಿ ಹೊಂದಿಸುವ ಮಿಕ್ಸರ್ ಮುಂದೆ ನಿಂತು, ಟಾಯ್ಲೆಟ್‌ಗೆ ಹೋಗುವವರಿಗೆಲ್ಲ ದಾರಿ ಬಿಡುತ್ತಾ ಇರುತ್ತೇನೆ.

ಮೈದಾನದ ದೊಡ್ಡ ಕಾರ್ಯಕ್ರಮಕ್ಕಿಂತ ಇದು ಸುಲಭ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಉಲ್ಟಾ. ಮೈದಾನದಲ್ಲಿ ಜನರಿಗೆ ಕೇಳುವುದು ಹೆಚ್ಚೂಕಮ್ಮಿ ಎಲ್ಲವೂ ಸ್ಪೀಕರ್‌ನಿಂದಲೇ ಬರುತ್ತದೆ, ಅಂದರೆ ನನ್ನ ಕೈಯಲ್ಲೇ ಇರುತ್ತದೆ. ಬಾರ್‌ನಲ್ಲಿ ಡ್ರಮ್ಸ್ ಸದ್ದು ಡ್ರಮ್ಸ್‌ನಿಂದಲೇ ನೇರವಾಗಿ ಬರುತ್ತದೆ. ಗಿಟಾರ್ ಸದ್ದು ಅದರ ಆಂಪ್‌ನಿಂದಲೇ, ಅಂದರೆ ಅದರದ್ದೇ ಸ್ಪೀಕರ್ ಡಬ್ಬಿಯಿಂದಲೇ ಬರುತ್ತದೆ. ನಾನು ಎಲ್ಲ ಆಫ್ ಮಾಡಿ ಮನೆಗೆ ಹೋದರೂ ಅವೆರಡು ಜೋರಾಗಿಯೇ ಇರುತ್ತವೆ. ಮೈಕ್ ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವುದು ಗಂಟಲಿಗೆ, ಅಂದರೆ ಹಾಡುವವರ ದನಿಗೆ ಮಾತ್ರ. ಹಾಗಾಗಿ ಇಡೀ ರಾತ್ರಿಯ ಲೆಕ್ಕ ಇಷ್ಟೇ: ಡ್ರಮ್ಸ್‌ಗಿಂತ ಗಂಟಲು ಒಂದು ಕೈ ಮೇಲಿರಬೇಕು. ಡ್ರಮ್ಸ್ ಎಷ್ಟು ಜೋರೋ ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ಏರುತ್ತದೆ.

ಅದಕ್ಕೇ ಸಂಜೆ ಮೊದಲು ಮಾತಾಡಿಸುವುದು ಡ್ರಮ್ಮರ್‌ನನ್ನು. "ಗುರೂ, ಬ್ರಷ್ ತಂದಿದ್ದೀಯಾ? ರಾಡ್ಸ್ ಆದರೂ?" ಬ್ರಷ್ ಅಂದರೆ ತುದಿಯಲ್ಲಿ ತಂತಿ ಎಳೆಗಳಿರುವ ಸ್ಟಿಕ್, ರಾಡ್ಸ್ ಅಂದರೆ ಸಣ್ಣ ಕಡ್ಡಿಗಳನ್ನು ಕಟ್ಟು ಕಟ್ಟಿದ ಸ್ಟಿಕ್. ಕೈ ಅದೇ ಜೋರಲ್ಲಿ ಆಡಿದರೂ ಸದ್ದು ಕಡಿಮೆ. ಕೆಲವರು ತರುತ್ತಾರೆ, ಕೆಲವರಿಗೆ ಅದು ಅವಮಾನ. ಅಂಥವರ ಸ್ನೇರ್, ಅಂದರೆ ಚಟ್ ಅನ್ನುವ ಸಣ್ಣ ಡ್ರಮ್ ಮೇಲೆ ಅಂಟು ಜೆಲ್ಲಿನ ಒಂದು ತುಂಡು ಅಂಟಿಸುತ್ತೇನೆ, ಗುಂಯ್‌ಗುಡುವುದು ನಿಲ್ಲುತ್ತದೆ. ಡ್ರಮ್ಸ್ ಕೆಳಗೆ ಕಾರ್ಪೆಟ್, ಹಿಂದಿನ ಗೋಡೆ ಖಾಲಿ ಇದ್ದರೆ ದಪ್ಪ ಪರದೆ. ಇಷ್ಟು ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಸಣ್ಣ ರೂಮಿನಲ್ಲಿ ಡ್ರಮ್ಸ್‌ಗೆ ನಾನು ಇಡುವುದು ಕಾಲಲ್ಲಿ ಹೊಡೆಯುವ ದೊಡ್ಡ ಕಿಕ್ ಡ್ರಮ್ಮಿಗೆ ಒಂದು ಮೈಕ್, ಅಷ್ಟೇ. ಸಿಂಬಲ್‌ಗೆ, ಅಂದರೆ ಆ ಕಂಚಿನ ತಟ್ಟೆಗಳಿಗೆ, ಮೈಕ್ ಬೇಕೇ ಇಲ್ಲ. ಅದು ಹಾಡುವವರ ಮೈಕ್‌ಗೇ ನುಗ್ಗಿ ಬರುತ್ತದೆ.

ಗಿಟಾರ್ ಆಂಪ್‌ನ ಕಥೆ ಇನ್ನೂ ಮಜಾ. ಆಂಪ್ ನೆಲದ ಮೇಲಿರುತ್ತದೆ, ನುಡಿಸುವವರ ಮೊಣಕಾಲಿನ ಹತ್ತಿರ. ಅದರ ಚೂಪಾದ ಸದ್ದು ಸ್ಪೀಕರ್ ಮುಖ ಮಾಡಿದ ಕಡೆ ನೆಟ್ಟಗೆ ಹೋಗುತ್ತದೆ, ಅಕ್ಕಪಕ್ಕ ಹರಡುವುದು ಕಡಿಮೆ. ಮೊಣಕಾಲಿಗೆ ಕಿವಿ ಇಲ್ಲವಲ್ಲ. ಗಿಟಾರಿಸ್ಟ್‌ಗೆ ತನ್ನ ಸದ್ದು ಮಂಕಾಗಿ ಕೇಳುತ್ತದೆ, ವಾಲ್ಯೂಮ್ ಏರಿಸುತ್ತಾನೆ. ಆ ಸದ್ದಿನ ಗೆರೆಗೆ ಸರಿಯಾಗಿ ಎದುರಿನ ಟೇಬಲ್‌ನಲ್ಲಿ ಕೂತವರ ತಲೆ ಸೀಳುತ್ತದೆ. ಕಡಿಮೆ ಮಾಡಿ ಅಂತ ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ನಾನು ಹೇಳುವುದೇ ಇಲ್ಲ. ಒಂದು ಕುರ್ಚಿ ತಂದು ಆಂಪನ್ನು ಅದರ ಮೇಲೆ ಹಿಂದಕ್ಕೆ ಸ್ವಲ್ಪ ವಾಲಿಸಿ ಇಡುತ್ತೇನೆ, ನೇರ ಅವರ ಕಿವಿಗೆ. ಎರಡು ಸಲ ಗಿಟಾರ್ ಮೀಟುತ್ತಾರೆ, ಹಿಂತಿರುಗಿ ತಾವೇ ಗುಂಡಿ ತಿರುಗಿಸಿ ಇಳಿಸುತ್ತಾರೆ.

ಕರೆಂಟ್ ವಿಷಯಕ್ಕೆ ಬರೋಣ. ಬಾರ್ ಅಂದ ಮೇಲೆ ಫ್ರಿಡ್ಜ್, ಐಸ್ ಮೆಷಿನ್ ಎಲ್ಲ ಇರುತ್ತವೆ. ಅವುಗಳ ಮೋಟಾರ್ ಆನ್ ಆದಾಗಲೆಲ್ಲ ಸ್ಪೀಕರ್‌ನಲ್ಲಿ ಟಪ್ ಅನ್ನುತ್ತದೆ. ಸ್ಟೇಜ್ ಒಂದು ಪಾಯಿಂಟ್‌ನಿಂದ, ಮಿಕ್ಸರ್ ಇನ್ನೊಂದು ಮೂಲೆಯ ಪಾಯಿಂಟ್‌ನಿಂದ ಕರೆಂಟ್ ತಗೊಂಡರೆ ಎರಡು ಅರ್ತಿಂಗ್‌ಗಳ ಮಧ್ಯೆ ಸುತ್ತು ಬಿದ್ದು ಹಮ್, ಅಂದರೆ ಬಿಡದೇ ಗುಂಯ್ ಅನ್ನುವ ಸದ್ದು ಶುರುವಾಗಬಹುದು. ಸಪ್ಲೈ 50 ಹರ್ಟ್ಜ್ ಇದ್ದರೆ ಆ ಗುಂಯ್ ಕೂಡ 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ ಕೂತಿರುತ್ತದೆ. ನಾನು ಸ್ಟೇಜ್‌ಗೂ ಮಿಕ್ಸರ್‌ಗೂ ಒಂದೇ ಕಡೆಯಿಂದ ಕರೆಂಟ್ ಎಳೆಯುತ್ತೇನೆ, ಫ್ರಿಡ್ಜ್ ಇರುವ ಲೈನ್ ಬಿಟ್ಟು. ಬಾಸ್ ಗಿಟಾರ್, ಕೀಬೋರ್ಡ್ ಎರಡಕ್ಕೂ ಡಿಐ ಬಾಕ್ಸ್ ಹಾಕುತ್ತೇನೆ, ಅಂದರೆ ಅವುಗಳ ಸಿಗ್ನಲನ್ನು ಮೈಕ್ ಇಲ್ಲದೇ ಮಿಕ್ಸರ್‌ಗೆ ಕಳಿಸುವ ಸಣ್ಣ ಡಬ್ಬಿ. ಅದರ ಮೇಲೆ ಗ್ರೌಂಡ್ ಲಿಫ್ಟ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದು ಸಿಗ್ನಲ್ ಕೇಬಲ್‌ನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಒತ್ತಿದರೆ ಎಷ್ಟೋ ಸಲ ಹಮ್ ಅಲ್ಲೇ ಮಾಯ. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ಅಂಥ ಕೆಲಸ ಯಾವತ್ತೂ ಬೇಡ. ಒಂದು ಕೈಯಲ್ಲಿ ಗಿಟಾರ್ ತಂತಿ, ತುಟಿ ಮೈಕ್‌ಗೆ ತಾಗಿದೆ. ಆಂಪ್‌ನಲ್ಲಿ ಲೀಕ್ ಇದ್ದರೆ ಶಾಕ್ ಹೊಡೆಯುವುದು ಹಾಡುವವರ ಬಾಯಿಗೆ.

ಸ್ಪೀಕರ್‌ಗಳನ್ನು ಜನರ ತಲೆಗಿಂತ ಮೇಲೆ ಎತ್ತಿ ನಿಲ್ಲಿಸಬೇಕು. ತಲೆ ಮಟ್ಟದಲ್ಲಿ ಇಟ್ಟರೆ ಮುಂದಿನ ಸಾಲಿನವರ ಮೈಯೇ ಚೂಪು ಸದ್ದನ್ನೆಲ್ಲ ಕುಡಿದುಬಿಡುತ್ತದೆ, ಹಿಂದಿನವರಿಗೆ ಬರೀ ಧಬಧಬ. ಬಾಸ್‌ಗೆಂದೇ ಇರುವ ಸಬ್‌ವೂಫರ್ ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬಾಸ್ ಪುಕ್ಕಟೆ ಏರುತ್ತದೆ. ಆದರೆ ಸಣ್ಣ ರೂಮಿನಲ್ಲಿ ಆ ಬಾಸ್ ಒಂದು ಟೇಬಲ್‌ನಲ್ಲಿ ಎದೆ ಅದುರಿಸಿದರೆ ಎರಡು ಹೆಜ್ಜೆ ಆಚೆ ಕೇಳುವುದೇ ಇಲ್ಲ. ಗೋಡೆಗಳಿಂದ ವಾಪಸ್ ಬಂದ ಅಲೆಗಳು ಕೆಲವು ಕಡೆ ಸೇರುತ್ತವೆ, ಕೆಲವು ಕಡೆ ಒಂದನ್ನೊಂದು ತಿಂದುಹಾಕುತ್ತವೆ. ಮಿಕ್ಸರ್ ಹಿಂದೆ ನಿಂತು ಬಾಸ್ ಹೊಂದಿಸಿದರೆ ಅದು ಅಲ್ಲಿಗೆ ಮಾತ್ರ ಸರಿ. ಅದಕ್ಕೇ ಜನ ಬರುವ ಮೊದಲು ಮಾಡುವ ಸೌಂಡ್‌ಚೆಕ್‌ನಲ್ಲಿ ಎಲ್ಲ ಟೇಬಲ್ ಹತ್ತಿರವೂ ಒಮ್ಮೆ ನಡೆದು ಬರುತ್ತೇನೆ.

ಹಾಡುವವರ ಕೈಗೆ ನಾನು ಕೊಡುವುದು ಎಲ್ಲರೂ ಕೊಡುವ ಅದೇ ಮೈಕ್, ಶೂರ್ ಕಂಪನಿಯ ಎಸ್‌ಎಂ58. 1966ರಲ್ಲಿ ಬಂದದ್ದು ಇವತ್ತಿಗೂ ಓಡುತ್ತಿದೆ. ಅದು ಎದುರಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂಬದಿಯದನ್ನು ಬಿಟ್ಟುಬಿಡುತ್ತದೆ. ಹಾಡುವವರು ತಮ್ಮ ಗಂಟಲು ತಾವೇ ಕೇಳಿಸಿಕೊಳ್ಳಲು ಕಾಲ ಬಳಿ ಮಾನಿಟರ್ ಸ್ಪೀಕರ್ ಇರುತ್ತದಲ್ಲ, ಅದನ್ನು ಮೈಕ್‌ನ ಬೆನ್ನ ಹಿಂದೆ ನೇರವಾಗಿ ಇಡುವುದು ಇದೇ ಕಾರಣಕ್ಕೆ. ಇನ್ನು ಆ ಉಂಡೆ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಸ್ಟೈಲ್ ಒಂದಿದೆ. ಹಿಂದಿನ ಸದ್ದನ್ನು ಕಳೆದುಹಾಕಲು ಜಾಲರಿ ಒಳಗೆ ಗಾಳಿಕಂಡಿಗಳಿವೆ. ಮುಷ್ಟಿ ಅವನ್ನು ಮುಚ್ಚುತ್ತದೆ. ಆಗ ಮೈಕ್ ಎಲ್ಲ ದಿಕ್ಕಿನಿಂದಲೂ ಎಳೆದುಕೊಳ್ಳಲು ಶುರುಮಾಡುತ್ತದೆ, ಮಾನಿಟರ್ ಸದ್ದು ಒಳಗೆ ನುಗ್ಗುತ್ತದೆ, ಅದೇ ಮತ್ತೆ ಮಾನಿಟರ್‌ನಿಂದ ಹೊರಬಂದು ಸುತ್ತು ಹೊಡೆಯುತ್ತದೆ, ಕೀಂಯ್! ಜನ ಕಿವಿ ಮುಚ್ಚಿಕೊಂಡು ನನ್ನ ಕಡೆ ತಿರುಗುತ್ತಾರೆ. ಹಾಡುವವರ ಕಡೆ ಯಾರೂ ನೋಡುವುದಿಲ್ಲ.

ಮಾನಿಟರ್ ಇಲ್ಲದಿದ್ದರೆ ಏನಾಗುತ್ತದೆ ಅಂತ ತಿಳಿಯಲು 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ನುಡಿಸಿದ ಸಂಜೆ ನೋಡಬೇಕು. ಸುಮಾರು 55,000 ಜನರ ಕಿರುಚಾಟ. ಸ್ಟೇಜ್ ಮೇಲಿದ್ದ ನಾಲ್ವರಿಗೆ ತಮ್ಮದೇ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ. ಬಾರ್‌ನಲ್ಲಿ ಬರುವವರು ಎಂಬತ್ತೇ ಜನ ಇರಬಹುದು, ಹಾಡುವವರಿಗೆ ತಮ್ಮ ಗಂಟಲು ಕೇಳದಿದ್ದರೆ ಆಗುವುದು ಮಾತ್ರ ಒಂದೇ. ಕಿರುಚುತ್ತಾರೆ, ಶ್ರುತಿ ಜಾರುತ್ತದೆ, ಎರಡನೇ ಸೆಟ್ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಆದ್ದರಿಂದ ಸೌಂಡ್‌ಚೆಕ್‌ನಲ್ಲಿ ನನ್ನ ಜಾಸ್ತಿ ಸಮಯ ಹೋಗುವುದು ಗಂಟಲಿಗೇ. ತುಂಬಾ ಕಡೆ ಡ್ರಮ್ಸ್‌ನಿಂದ ಶುರುಮಾಡಿ ಕೊನೆಗೆ ಹಾಡುವವರಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಉಳಿದ ಸದ್ದೆಲ್ಲ ಏರಿ ಗಂಟಲಿಗೆ ಜಾಗವೇ ಉಳಿದಿರುವುದಿಲ್ಲ. ನಾನು ಗಂಟಲಿನಿಂದ ಶುರುಮಾಡುತ್ತೇನೆ. ರೂಮು ಖಾಲಿ ಇರುವಾಗಲೇ ಮಾನಿಟರ್ ಫೇಡರನ್ನು, ಅಂದರೆ ಅದರ ಸದ್ದು ಏರಿಸುವ ಜಾರುಗುಂಡಿಯನ್ನು, ನಿಧಾನಕ್ಕೆ ಮೇಲಕ್ಕೆ ತಳ್ಳುತ್ತಾ ಹೋಗುತ್ತೇನೆ. ಒಂದು ಕಡೆ ಗುಂಯ್ ಅಂತಲೋ ಕೀ ಅಂತಲೋ ಹೊರಡುತ್ತದೆ. ಆ ಸ್ವರ ಯಾವುದು ಅಂತ ಸದ್ದನ್ನು ಸ್ವರಮಟ್ಟದ ಪ್ರಕಾರ ತುಂಡುಮಾಡಿ ಏರಿಳಿಸುವ ಗ್ರಾಫಿಕ್ ಈಕ್ಯೂನ 31 ಪಟ್ಟಿಗಳಲ್ಲಿ ಹುಡುಕಿ ಅದೊಂದನ್ನು ಮಾತ್ರ ಇಳಿಸುತ್ತೇನೆ. ಮತ್ತೆ ತಳ್ಳುವುದು, ಮತ್ತೆ ಹುಡುಕುವುದು. ಮೂರ್ನಾಲ್ಕು ಪಟ್ಟಿ ಇಳಿಸಿದ ಮೇಲೆ ನಿಲ್ಲಿಸಬೇಕು. ಇನ್ನೂ ಕತ್ತರಿಸುತ್ತಾ ಹೋದರೆ ಗಂಟಲಲ್ಲಿ ಜೀವವೇ ಇರುವುದಿಲ್ಲ. ಆಮೇಲೆ 100 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಗಂಟಲಿನ ಚಾನೆಲ್‌ನಿಂದ ತೆಗೆದುಬಿಡುತ್ತೇನೆ. ಅಲ್ಲಿರುವುದು ಉಸಿರಿನ ಧಪ್, ಸ್ಟೇಜ್ ಮೇಲಿನ ಹೆಜ್ಜೆ, ಬಾಸ್ ಗಿಟಾರ್ ಸೋರಿದ್ದು. ಹೊಸಬರಿಗೆ ಇನ್ನೊಂದು ಮಾತು ಹೇಳುತ್ತೇನೆ: "ತಂಗೀ, ಮೈಕ್ ತುಟಿಗೆ ತಾಗೋ ಹಾಗೇ ಇರಲಿ." 3 ಸೆಂಟಿಮೀಟರ್ ಇದ್ದದ್ದು 6 ಆದರೆ ಸುಮಾರು 6 ಡೆಸಿಬೆಲ್ ಇಳಿದುಹೋಗುತ್ತದೆ. ಅದನ್ನು ನಾನು ಫೇಡರ್‌ನಲ್ಲಿ ತುಂಬಿಸಲು ಹೋದರೆ ಜೊತೆಗೆ ಸಿಂಬಲ್ ಕೂಡ ಮೇಲೆ ಬರುತ್ತದೆ.

ಎಂಟೂವರೆಗೆ ಜನ ತುಂಬುತ್ತಾರೆ. ಆಗ ಸೌಂಡ್‌ಚೆಕ್‌ನ ಅರ್ಧ ಶ್ರಮ ನೀರುಪಾಲು. ಮೈ, ಬಟ್ಟೆ ಎಲ್ಲ ಸೇರಿ ಮೇಲಿನ ಚೂಪು ಸದ್ದು ಹೀರಿಕೊಳ್ಳುತ್ತವೆ, ಕೆಳಗಿನ ಬಾಸ್ ಮಾತ್ರ ಹೆಚ್ಚೂಕಮ್ಮಿ ಹಾಗೇ ಉಳಿಯುತ್ತದೆ. ಖಾಲಿ ರೂಮಿನಲ್ಲಿ ಕಿವಿ ಚುಚ್ಚುತ್ತಿದ್ದ ಮಿಕ್ಸ್ ಈಗ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಇಲ್ಲಿ ಕೈ ತಾನಾಗಿ ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸುವ ಮಾಸ್ಟರ್ ಫೇಡರ್ ಕಡೆ ಹೋಗುತ್ತದೆ. ನಾನು ಹೋಗಲು ಬಿಡುವುದಿಲ್ಲ. ಗಂಟಲಿನ 2ರಿಂದ 4 ಕಿಲೋಹರ್ಟ್ಜ್ ನಡುವೆ ಸ್ವಲ್ಪ ಎತ್ತಿ, ಬಾಸ್ ಒಂಚೂರು ಇಳಿಸುತ್ತೇನೆ. ಹಾಡಿನ ಸಾಲು ಬಿಡಿಬಿಡಿಯಾಗಿ ತಿಳಿಯಲು ಬೇಕಾದ ವ್ಯಂಜನಗಳ ಚೂಪು ಬಹಳಷ್ಟು ಅಲ್ಲೇ ಇದೆ, ನಮ್ಮ ಕಿವಿ ತುಂಬಾ ಚುರುಕಾಗಿರುವುದೂ ಅಲ್ಲೇ. ಸಾಲು ತಿಳಿದರೆ ಸಾಕು, ಜನರಿಗೆ ಸೌಂಡ್ ಜಾಸ್ತಿ ಆಯಿತು ಅನ್ನಿಸುತ್ತದೆ. ಮೀಟರ್ ಮಾತ್ರ ಅಷ್ಟೇ ತೋರಿಸುತ್ತಿರುತ್ತದೆ.

ಮಾಸ್ಟರ್ ಏರಿಸದಿರಲು ಇನ್ನೂ ದೊಡ್ಡ ಕಾರಣ ಇದೆ. ಗದ್ದಲ ಇದ್ದಲ್ಲಿ ಮನುಷ್ಯ ಗೊತ್ತಿಲ್ಲದೇ ದನಿ ಏರಿಸುತ್ತಾನೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ಇದನ್ನು 1911ರಲ್ಲೇ ಬರೆದಿಟ್ಟರು, ಈಗಲೂ ಅವರ ಹೆಸರಲ್ಲೇ ಕರೆಯುತ್ತಾರೆ. ಬಾರ್‌ನಲ್ಲಿ ನಡೆಯುವುದು ನೋಡಿ: ಬ್ಯಾಂಡ್ ಜೋರಾಯಿತು, ಟೇಬಲ್‌ನವರು ಜೋರಾಗಿ ಮಾತಾಡಿದರು. ಹಾಡು ಕೇಳುತ್ತಿಲ್ಲ ಅಂತ ನಾನು ಏರಿಸಿದೆ, ಅವರು ಇನ್ನೂ ಏರಿಸಿದರು. ಈ ಜಿದ್ದಿನಲ್ಲಿ ನಾನು ಗೆದ್ದರೂ ಅರ್ಧ ಜನ ಎದ್ದು ಹೋಗಿರುತ್ತಾರೆ. ಅವರು ಮಾತಾಡಲೂ ಬಂದವರು, ಅದು ತಪ್ಪಲ್ಲ. ದುಡ್ಡು ಕೊಟ್ಟು ಕೂತಿದ್ದಾರೆ.

ನಾನು ಮಾಡುವುದು ಹೀಗೆ. ಬ್ರೇಕ್‌ನಲ್ಲಿ ಹಾಕುವ ರೆಕಾರ್ಡೆಡ್ ಹಾಡು ಮಾತಿಗಿಂತ ಕೆಳಗೇ ಇರಬೇಕು. ಇದರಲ್ಲಿ ಮಾತ್ರ ಮ್ಯಾನೇಜರ್ ಹೇಳಿದರೂ ಬಗ್ಗುವುದಿಲ್ಲ. ಬ್ಯಾಂಡ್ ಸ್ಟೇಜ್‌ಗೆ ಬಂದ ಮೇಲೆ ಆ ಹಾಡನ್ನು ಮೆಲ್ಲಗೆ ಇಳಿಸುವುದಿಲ್ಲ, ಒಂದೇ ಸಲ ನಿಲ್ಲಿಸುತ್ತೇನೆ. ಸುಮ್ನೆ ಐದಾರು ಸೆಕೆಂಡ್ ಬಿಡುತ್ತೇನೆ. ತಮ್ಮ ದನಿ ತಮಗೇ ಜೋರಾಗಿ ಕೇಳಿ ಟೇಬಲ್‌ಗಳು ಒಂದೊಂದಾಗಿ ತಣ್ಣಗಾಗುತ್ತವೆ. ಮೊದಲ ಹಾಡು ಶುರುವಾಗುವುದು ಆಗ. ಎರಡನೇ ಸೆಟ್‌ನ ಮೊದಲ ಹಾಡು ಸಣ್ಣದಾಗಿ ಶುರುವಾಗುವಂಥದ್ದೇ ಇರಲಿ ಅಂತ ಬ್ಯಾಂಡ್‌ಗೂ ಮೊದಲೇ ಹೇಳಿರುತ್ತೇನೆ.

ಬಾರ್‌ಟೆಂಡರ್ ಜೊತೆಗೂ ಒಂದು ಒಪ್ಪಂದ ಬೇಕು. ಗಾಯಕಿ ಒಬ್ಬಳೇ ಗಿಟಾರ್ ಹಿಡಿದು ಹಾಡುತ್ತಿರುವಾಗ ಸರಿಯಾಗಿ ಅದೇ ಹೊತ್ತಿಗೆ ಬ್ಲೆಂಡರ್ ಗರ್ರ್ ಅಂದರೆ ಯಾವ ಮಿಕ್ಸರ್ ಏನು ಮಾಡುತ್ತದೆ? ನಾನು ಟಾರ್ಚ್ ಎರಡು ಸಲ ಮಿನುಗಿಸಿದರೆ ಮುಂದಿನ ಹಾಡು ಮೆಲ್ಲನೆಯದು ಅಂತ ಅರ್ಥ. ಅವರು ಐಸ್ ಅಲ್ಲಾಡಿಸುವುದನ್ನು ಮೂರು ನಿಮಿಷ ತಡೆಹಿಡಿಯುತ್ತಾರೆ. ಬದಲಿಗೆ ಆರ್ಡರ್ ಕೂಗುವ ಕಡೆಗೆ ನಾನು ಯಾವ ಸ್ಪೀಕರನ್ನೂ ತಿರುಗಿಸುವುದಿಲ್ಲ. ಅವರ ಕಿವಿಗೆ ಆರ್ಡರ್ ಸರಿಯಾಗಿ ಬಿದ್ದರೆ ಅವರ ಮನಸ್ಸೂ ತಣ್ಣಗಿರುತ್ತದೆ.

ಕಿವಿಯ ಮಾತು. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದಿದ್ದರೆ ದಿನಕ್ಕೆ 8 ಗಂಟೆ ಮಾತ್ರ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹೇಳಿದ ಮಿತಿ, 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ನಾನು ಮಿಕ್ಸರ್ ಪಕ್ಕ ಮೀಟರ್ ಇಟ್ಟುಕೊಂಡು 95ರ ಒಳಗೇ ಇರಲು ನೋಡುತ್ತೇನೆ. ಬಾರ್‌ನಲ್ಲಿ ಕೆಲಸ ಮಾಡುವವರು ದಿನಾ ಆ ಸದ್ದಿನಲ್ಲೇ ನಿಂತಿರುತ್ತಾರೆ, ಅವರನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇಯರ್‌ಪ್ಲಗ್ ಹಾಕುವುದಾದರೆ ಸಂಗೀತಗಾರರಿಗೆ ಅಂತ ಮಾಡಿದ ಫಿಲ್ಟರ್ ಇರುವಂಥದ್ದು ಒಳ್ಳೆಯದು. ಸ್ಪಂಜಿನದು ಮೇಲಿನ ಸ್ವರಗಳನ್ನೇ ಜಾಸ್ತಿ ತಿನ್ನುತ್ತದೆ, ಎಲ್ಲ ಮಂಕು. ಮನೆಗೆ ಹೋದ ಮೇಲೂ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಆ ರಾತ್ರಿ ಜಾಸ್ತಿ ಆಯಿತು ಅಂತಲೇ.

ಕೇಳಲೆಂದೇ ಬರುವವರಿಗೆ ನನ್ನ ಸಲಹೆ: ಮಿಕ್ಸರ್ ಮುಂದಿನ ಟೇಬಲ್ ಹಿಡಿಯಿರಿ. ನನ್ನ ಕಿವಿಗೆ ಏನು ಸರಿಯೋ ಅದು ನಿಮಗೂ ಹೆಚ್ಚೂಕಮ್ಮಿ ಸರಿಯಾಗಿಯೇ ಬರುತ್ತದೆ. ಗೆಳೆಯರ ಜೊತೆ ಹರಟೆಯೂ ಬೇಕು ಅಂದರೆ ಸ್ಪೀಕರ್ ಗೆರೆಯಿಂದ ಆಚೆ ಪಕ್ಕದಲ್ಲಿ ಕೂರಿ, ಅಲ್ಲಿ ಕಿರುಚಬೇಕಾಗಿಲ್ಲ. ಸೌಂಡ್ ಜಾಸ್ತಿ ಅನ್ನಿಸಿದರೆ ಬಂದು ಹೇಳಿ, ಬೇಜಾರಿಲ್ಲ. ಹಾಡು ಮುಗಿದ ಮೇಲೆ ಬನ್ನಿ. ಕೈಯಲ್ಲಿರುವ ಗ್ಲಾಸ್ ಮಾತ್ರ ಮಿಕ್ಸರ್ ಮೇಲೆ ಇಡಬೇಡಿ.